ಇಡೀ ಪುಸ್ತಕದ ಪಿಡಿಎಫ್ ತಂದು ಪ್ರಿಂಟ್ ಕೇಳಿದರೆ ಏನು ಮಾಡಬೇಕು?

ವಿದ್ಯಾನಗರ ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಸುತ್ತಮುತ್ತ ಪಿಜಿ, ಹಾಸ್ಟೆಲ್ ಜಾಸ್ತಿ. ಅರ್ಜಿ, ಹಾಲ್ ಟಿಕೆಟ್, ನೋಟ್ಸ್, ಪ್ರಾಜೆಕ್ಟ್ ರಿಪೋರ್ಟ್, ಜೊತೆಗೆ ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನ್. ಇವುಗಳಿಂದಲೇ ಮನೆ ನಡೆಯುತ್ತದೆ.

ಕಳೆದ ಶನಿವಾರ ಸಂಜೆ ಒಬ್ಬ ಹುಡುಗ ಪೆನ್ ಡ್ರೈವ್ ತಂದ. ಎಫ್‌ಡಿಎ, ಪಿಡಿಒ ಅನ್ನುವ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಇತಿಹಾಸ ಪುಸ್ತಕದ ಪಿಡಿಎಫ್ ಅದು. 412 ಪುಟ. "ಅಣ್ಣ, 15 ಸೆಟ್ ಬೇಕು, ನಮ್ಮ ಪಿಜಿಯಲ್ಲಿ ಎಲ್ಲರಿಗೂ" ಅಂದ. ಎರಡೂ ಬದಿ ಪ್ರಿಂಟ್, ಬೈಂಡಿಂಗ್ ಸೇರಿ ಒಂದಕ್ಕೆ 280 ರೂಪಾಯಿ ಮಾತಾಯಿತು. ಪುಸ್ತಕದಂಗಡಿಯಲ್ಲಿ ಅದರ ಬೆಲೆ 450.

ಮೊದಲ ಸೆಟ್ ಹೊರಗೆ ಬಂತು. ಪುಟ ಜೋಡಿಸುವಾಗ ಒಳಪುಟದ ಮೇಲೆ ಕಣ್ಣು ಹೋಯಿತು. ಬರೆದವರು ನಮ್ಮ ಊರಿನವರೇ. ಮಗಳ ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬಂದಿದ್ದ ಮೇಡಂ. ಅವರ ಹೆಸರಿನ ಮೇಲೆ ಅಡ್ಡಡ್ಡ ಯಾವುದೋ ಟೆಲಿಗ್ರಾಂ ಚಾನೆಲ್‌ನ ಹೆಸರು ಬಿದ್ದಿತ್ತು. ನಾನು ಮಿಷನ್ ನಿಲ್ಲಿಸಿದೆ. "ಉಳಿದದ್ದು ಬೇಡಪ್ಪ, ಆಗಲ್ಲ" ಅಂದೆ. ಹುಡುಗ ಬೇಜಾರು ಮಾಡಿಕೊಂಡು ಪೆನ್ ಡ್ರೈವ್ ಕಿತ್ತುಕೊಂಡು ಹೋದ. 4,200 ರೂಪಾಯಿ ಕೆಲಸ ಹೋಯಿತು. ಆದರೆ ಆವತ್ತು ರಾತ್ರಿ ನನಗೆ ಕಾಡಿದ್ದು ಆ ದುಡ್ಡಲ್ಲ. ಇದಕ್ಕೂ ಮೊದಲು ಇಂಥ ಎಷ್ಟು ಪುಸ್ತಕ ನೋಡದೆಯೇ ಪ್ರಿಂಟ್ ಹಾಕಿಕೊಟ್ಟಿದ್ದೀನಿ ಅನ್ನೋದು.

ಕೇಳಬೇಕಾಗಿರುವುದು ಇಷ್ಟೇ. ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಇಲ್ಲ ಅನ್ನಬೇಕು? ಓದುವ ಮಕ್ಕಳಿಗೆ ಇಲ್ಲ ಅನ್ನೋದು ಹೇಗೆ? ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿರುವ ಡಿಸೈನ್ ಸಾಫ್ಟ್‌ವೇರ್ ಕೂಡ ದುಡ್ಡು ಕೊಟ್ಟು ತಗೊಂಡಿದ್ದಲ್ಲ. ಜೋಡಿಸಿಕೊಟ್ಟವರು ಹಾಕಿಕೊಟ್ಟಿದ್ದು.

ಜಗಳೂರು ಹುಡುಗಿ

ಅಣ್ಣ, ನಾನೂ ಒಂದು ಪಿಜಿಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಹೋದ ವರ್ಷ ಮಳೆ ಕೈಕೊಟ್ಟಿತು. ಪಿಜಿ ಬಾಡಿಗೆ ಕಟ್ಟಿದ ಮೇಲೆ ಪುಸ್ತಕಕ್ಕೆ ಅಂತ ಕೈಯಲ್ಲಿ ಉಳಿಯುವುದೇ ಕಡಿಮೆ. ಒಂದು ಪರೀಕ್ಷೆಗೆ ಆರು ಪುಸ್ತಕ ಬೇಕು. ಒಂದೊಂದಕ್ಕೆ 400, 500. ನೀವು ಇಲ್ಲ ಅಂದರೆ ಆ ಹುಡುಗ ಮುಂದಿನ ಅಂಗಡಿಗೆ ಹೋಗುತ್ತಾನೆ. ನಾನೂ ಹಾಗೆಯೇ ಪ್ರಿಂಟ್ ತಗೊಂಡಿದ್ದೇನೆ. ಕದಿಯಬೇಕು ಅಂತ ಅಲ್ಲ, ಓದಬೇಕು ಅಂತ.

ನೋಟ್ಸ್ ಮೇಡಂ

ಆ ಇತಿಹಾಸದ ಪುಸ್ತಕ ಬರೆದವಳು ನಾನಲ್ಲ. ಆದರೆ ನಾನೂ ಒಂದು ಪುಸ್ತಕ ಬರೆದಿದ್ದೇನೆ, ಸಾಮಾನ್ಯ ಕನ್ನಡಕ್ಕೆ. ಮೂರು ವರ್ಷ ಬೇಕಾಯಿತು. ಬೆಳಗ್ಗೆ ಕ್ಲಾಸಿಗೆ ಹೋಗುವ ಮೊದಲು ಎರಡು ಗಂಟೆ ಕೂತು ಬರೆದದ್ದು. 500 ಪ್ರತಿ ನನ್ನ ದುಡ್ಡಿನಲ್ಲೇ ಹಾಕಿಸಿದೆ. ಪುಸ್ತಕ ಬಂದು ಎರಡು ವಾರ ಆಗಿರಲಿಲ್ಲ, ಒಬ್ಬ ವಿದ್ಯಾರ್ಥಿಯೇ ಬಂದು, "ಮೇಡಂ, ನಿಮ್ಮ ಪುಸ್ತಕ ನಮ್ಮ ಗ್ರೂಪಿಗೆ ಬಂದಿದೆ" ಅಂತ ಖುಷಿಯಿಂದ ತೋರಿಸಿದ. ಅವನಿಗೆ ಅದು ತಪ್ಪು ಅಂತಲೇ ಗೊತ್ತಿರಲಿಲ್ಲ. ಈಗಲೂ 300ಕ್ಕೂ ಹೆಚ್ಚು ಪ್ರತಿ ನಮ್ಮನೆ ಅಟ್ಟದ ಮೇಲಿದೆ.

ದುಡ್ಡಿನ ಮಾತು ಹಾಗಿರಲಿ. ಪುಸ್ತಕದಲ್ಲಿ ಒಂದು ಕಡೆ ಸಂಧಿಯ ಉತ್ತರ ತಪ್ಪಾಗಿ ಅಚ್ಚಾಗಿತ್ತು. ಅಂಗಡಿಯಲ್ಲಿದ್ದ ಪ್ರತಿಗಳಿಗೆಲ್ಲ ತಿದ್ದುಪಡಿ ಚೀಟಿ ಅಂಟಿಸಿಕೊಂಡು ಬಂದೆ. ಪಿಡಿಎಫ್‌ಗೆ ಚೀಟಿ ಅಂಟಿಸುವುದು ಹೇಗೆ? ಆ ತಪ್ಪು ಉತ್ತರ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಸಿಲಬಸ್ ಬದಲಾದಾಗ ಹೊಸ ಆವೃತ್ತಿ ತರಬೇಕು ಅಂದುಕೊಂಡೆ. ಹಳೆಯದೇ ಮನೆಯಲ್ಲಿ ಕೂತಿರುವಾಗ ಯಾವ ಧೈರ್ಯದಿಂದ ತರಲಿ? ಜಗಳೂರಿನ ತಂಗಿಗೆ ಹೇಳುವುದು ಇದನ್ನೇ. ಪಿಡಿಎಫ್ ಸುಮ್ನೆ ಸಿಕ್ಕಿದ್ದರಿಂದ ನಿನಗೆ ಹಳೆಯ, ತಪ್ಪಿರುವ ಪುಸ್ತಕ ಸಿಕ್ಕಿತಮ್ಮ. ಸರಿಯಾದದ್ದು ಬರಲೇ ಇಲ್ಲ.

ನನ್ನಂಥವರಿಗೆ ಸ್ವಲ್ಪ ಧೈರ್ಯ ಕೊಟ್ಟ ಕೇಸು ಒಂದಿದೆ. ದೆಹಲಿಯ ಕೋಚಿಂಗ್ ಶಿಕ್ಷಕಿಯೊಬ್ಬರು ತಮ್ಮ ಪಾಠ, ಪುಸ್ತಕ ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹರಿದಾಡಿದಾಗ ಕೋರ್ಟಿಗೆ ಹೋದರು. ಆ ಚಾನೆಲ್ ನಡೆಸುವವರ ವಿವರ ಕೊಡಿ ಅಂತ 2022ರಲ್ಲಿ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಹೇಳಿತು. ಹೆಸರು ಮರೆಸಿಕೊಂಡರೆ ಯಾರಿಗೂ ಗೊತ್ತಾಗಲ್ಲ ಅನ್ನುವುದು ಸುಳ್ಳು.

ಕೋರ್ಟ್ ರಸ್ತೆ

ನಾನು ವಕೀಲ. ಗೊತ್ತಿರುವುದನ್ನು ಹೇಳುತ್ತೇನೆ.

ನಮ್ಮಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ, ಅಂದರೆ ಕಾಪಿರೈಟ್ ಕಾಯ್ದೆ. ರಿಜಿಸ್ಟರ್ ಮಾಡಿಸಿದರೆ ಮಾತ್ರ ಹಕ್ಕು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಸ್ವಂತವಾಗಿ ಬರೆದು ಮುಗಿಸಿದ ಕೂಡಲೇ ಹಕ್ಕು ಬರುತ್ತದೆ. ಪುಸ್ತಕದ ಮೇಲೆ ಕಾಪಿರೈಟ್ ಗುರುತು ಇಲ್ಲದಿದ್ದರೂ ಇರುತ್ತದೆ.

52ನೇ ಸೆಕ್ಷನ್‌ನಲ್ಲಿ ಕೆಲವು ವಿನಾಯಿತಿಗಳಿವೆ. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆ ಬರೆಯುವುದಕ್ಕೆ ನ್ಯಾಯವಾದ ರೀತಿಯಲ್ಲಿ ಬಳಸಿಕೊಳ್ಳಬಹುದು. ಇಷ್ಟೇ ಪುಟ ಅಂತ ಕಾಯ್ದೆ ಲೆಕ್ಕ ಕೊಟ್ಟಿಲ್ಲ. ಒಬ್ಬ ವಿದ್ಯಾರ್ಥಿ ತನ್ನ ಓದಿಗೆ ಒಂದು ಅಧ್ಯಾಯ ಜೆರಾಕ್ಸ್ ಮಾಡಿಸಿದರೆ ಅಂಗಡಿಯವರು ಹೆದರಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ 15 ಸೆಟ್ ಮಾಡಿ ದುಡ್ಡು ತಗೊಂಡರೆ ಅದು ಬೇರೆಯೇ ಮಾತು. ಅಲ್ಲಿ ನೀವು ಆ ಪುಸ್ತಕದ ಮಾರಾಟವನ್ನೇ ಮಾಡಿದ ಹಾಗೆ.

ಶಿಕ್ಷೆ 63ನೇ ಸೆಕ್ಷನ್‌ನಲ್ಲಿದೆ. ಗೊತ್ತಿದ್ದೂ ಮಾಡಿದರೆ ಅಥವಾ ಅದಕ್ಕೆ ನೆರವಾದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಅಂತಾದರೆ ಕೋರ್ಟ್ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಅಂಗಡಿ ಇಟ್ಟವರಿಗೆ ಆ ಮಾತು ಹೇಳುವುದು ಕಷ್ಟ. ಸಬ್ ಇನ್‌ಸ್ಪೆಕ್ಟರ್ ಅಥವಾ ಅದಕ್ಕೂ ಮೇಲಿನ ಅಧಿಕಾರಿ ವಾರಂಟ್ ಇಲ್ಲದೆಯೇ ಪ್ರತಿಗಳನ್ನು ವಶಕ್ಕೆ ತಗೊಳ್ಳಬಹುದು. ಈ ಅಪರಾಧಕ್ಕೆ ಪೊಲೀಸರು ತಾವೇ ಕೇಸು ದಾಖಲಿಸಬಹುದು, ಇದು ಜಾಮೀನು ಸಿಗದ ಅಪರಾಧ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ವಿದ್ಯಾನಗರ ಜೆರಾಕ್ಸ್

ಸರ್, ಹಾಗಾದರೆ ಕಾಲೇಜಿನ ಮೇಷ್ಟ್ರುಗಳು ಬೇರೆ ಬೇರೆ ಪುಸ್ತಕದ ಪಾಠಗಳನ್ನು ಸೇರಿಸಿ "ಇದನ್ನು ಕ್ಲಾಸಿಗೆ ಜೆರಾಕ್ಸ್ ಮಾಡಿಕೊಡಪ್ಪ" ಅಂತ ಕಳಿಸುತ್ತಾರಲ್ಲ, ಅದು?

ಕೋರ್ಟ್ ರಸ್ತೆ

ಒಳ್ಳೆ ಪ್ರಶ್ನೆ. ಇದೇ ವಿಷಯಕ್ಕೆ ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು ಕೇಸು ಹಾಕಿದ್ದರು. ಪಾಠ ಹೇಳುವ ಕೆಲಸಕ್ಕಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳುವುದಕ್ಕೆ ಕಾಯ್ದೆಯಲ್ಲೇ ಅವಕಾಶ ಇದೆ ಅಂತ 2016ರಲ್ಲಿ ದೆಹಲಿ ಹೈಕೋರ್ಟ್ ಅಂಗಡಿಯ ಪರ ನಿಂತಿತು. ಮರುವರ್ಷ ಪ್ರಕಾಶಕರು ಕೇಸು ಕೈಬಿಟ್ಟರು. ಹಾಗಾಗಿ ಸಿಲಬಸ್‌ಗೆ ಬೇಕಾದ ಭಾಗಗಳನ್ನು ಮೇಷ್ಟ್ರು ಆರಿಸಿ ಕಳಿಸಿದರೆ ಧೈರ್ಯವಾಗಿ ಮಾಡಿಕೊಡಿ. ಆದರೆ "ಓದುವುದಕ್ಕೆ ತಾನೇ" ಅಂತ ಇಡೀ ಗೈಡ್ ಪುಸ್ತಕ ಪ್ರಿಂಟ್ ಹಾಕುವುದಕ್ಕೆ ಆ ತೀರ್ಪನ್ನು ಎಳೆದು ತರಬೇಡಿ.

ದುರ್ಗದ ಕನ್ನಡ ಮೇಷ್ಟ್ರು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಿವೃತ್ತನಾಗಿದ್ದೇನೆ. "ಹಳೆ ಪುಸ್ತಕ ಅಲ್ವಾ ಸರ್, ಯಾರು ಕೇಳುತ್ತಾರೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಎಷ್ಟು ಹಳೆಯದು ಅನ್ನುವುದಕ್ಕೆ ಲೆಕ್ಕ ಇದೆ. ಬರೆದವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ. ಅಲ್ಲಿಯವರೆಗೆ ಹಕ್ಕು ಅವರ ಮನೆಯವರದ್ದು ಅಥವಾ ಹಕ್ಕು ಪಡೆದವರದ್ದು.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತಗೊಳ್ಳಿ. ಕನ್ನಡ ಪ್ರಾಧ್ಯಾಪಕರಾಗಿದ್ದ ತಳುಕಿನ ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರೊಬ್ಬರೇ ಬರೆದದ್ದರ ಅವಧಿ ಮುಗಿದು ಬಹಳ ವರ್ಷ ಆಯಿತು. ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಂಚಬಹುದು. ಅದೇ ತಳುಕಿನ ಮನೆತನದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ಪುಸ್ತಕಗಳ ಹಕ್ಕು 2044ರ ಕೊನೆಯವರೆಗೆ ಇದೆ. ದುರ್ಗದ ಮನೆಮನೆಯಲ್ಲೂ ಅವರ ಕಾದಂಬರಿಗಳ ಮಾತು ಬರುತ್ತದೆ. ಅವು ಸ್ಕ್ಯಾನ್ ಆಗಿ ಹರಿದಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪ್ರೀತಿ ಇದ್ದವರೇ ಹಂಚುತ್ತಾರೆ, ಅದೇ ನೋವು.

ವಚನಗಳ ವಿಷಯಕ್ಕೆ ಬಂದರೆ, 12ನೇ ಶತಮಾನದ ವಚನಕ್ಕೆ ಯಾರ ಕಾಪಿರೈಟೂ ಇಲ್ಲ. ಆದರೆ ಈಗಿನ ವಿದ್ವಾಂಸರು ಅದಕ್ಕೆ ಬರೆದ ಅರ್ಥ, ಟಿಪ್ಪಣಿ, ಮುನ್ನುಡಿ ಅವರದ್ದು. ಗಾಯಕರು ಹಾಡಿದ ರೆಕಾರ್ಡಿಂಗೂ ಹಾಗೆಯೇ, ಅದಕ್ಕೆ ಬೇರೆ ಹಕ್ಕು ಇದೆ. ಶರಣರ ಕಾರ್ಯಕ್ರಮದ ವಿಡಿಯೋ ಹಾಕುವವರು ಇದನ್ನು ಗಮನಿಸಿ.

ನಿಟುವಳ್ಳಿ ವಿಡಿಯೋ

ಮೇಷ್ಟ್ರು ಹೇಳಿದ್ದು ನನಗೇ ಆಗಿದೆ. ನಾನು ಮದುವೆ ವಿಡಿಯೋ ಮಾಡುತ್ತೇನೆ. ಹೈಲೈಟ್ಸ್‌ಗೆ ಸಿನಿಮಾ ಹಾಡು ಹಾಕಿ ನನ್ನ ಯೂಟ್ಯೂಬ್ ಚಾನೆಲ್‌ಗೆ ಏರಿಸುತ್ತಿದ್ದೆ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತ ಯಾರೋ ಹೇಳಿದ್ದರು. ಅಂಥ ನಿಯಮವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. "ಹಾಡಿನ ಹಕ್ಕು ಅವರದ್ದೇ, ನಮಗೆ ಬೇರೆ ಉದ್ದೇಶ ಇಲ್ಲ" ಅಂತ ಕೆಳಗೆ ಬರೆದರೂ ಅದು ಅನುಮತಿ ಆಗುವುದಿಲ್ಲ.

ಗೊತ್ತಿಲ್ಲದವರಿಗೆ: ಯೂಟ್ಯೂಬ್‌ನಲ್ಲಿ ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಹಾಡನ್ನು ತಾನೇ ಗುರುತು ಹಿಡಿದು ಕ್ಲೈಮ್ ಹಾಕುತ್ತದೆ. ಆಗ ವಿಡಿಯೋದ ಜಾಹೀರಾತಿನ ದುಡ್ಡು ಹಾಡಿನವರಿಗೆ ಹೋಗಬಹುದು, ಅಥವಾ ವಿಡಿಯೋ ಕಾಣದಂತೆ ಆಗಬಹುದು. ಸ್ಟ್ರೈಕ್ ಅಂದರೆ ಹಕ್ಕುದಾರರೇ ತೆಗೆಯಿರಿ ಅಂತ ಕೇಳಿದ್ದು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುತ್ತದೆ. ನನಗೆ ಎರಡು ಬಿದ್ದಿದ್ದವು. ಆರು ವರ್ಷದ ಕೆಲಸ ಆ ಚಾನೆಲ್‌ನಲ್ಲಿತ್ತು. ಆ 90 ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಈಗ ಯೂಟ್ಯೂಬ್‌ನದ್ದೇ ಆಡಿಯೋ ಲೈಬ್ರರಿಯ ಸಂಗೀತ ಬಳಸುತ್ತೇನೆ. ಇಲ್ಲ ಅಂದರೆ ನಮ್ಮೂರಿನ ನಾದಸ್ವರದವರನ್ನು ಕೇಳಿ, ದುಡ್ಡು ಕೊಟ್ಟು, ಚೀಟಿ ಬರೆಸಿಕೊಂಡು ರೆಕಾರ್ಡ್ ಮಾಡುತ್ತೇನೆ. ಗಿರಾಕಿಗಳಿಗೆ ಅದೇ ಜಾಸ್ತಿ ಇಷ್ಟ ಆಗಿದೆ.

ವಕೀಲರೇ, ಮದುವೆ ಮನೆಯಲ್ಲಿ ಹಾಡು ಹಾಕುವುದೂ ತಪ್ಪಾ?

ಕೋರ್ಟ್ ರಸ್ತೆ

ಅದು ತಪ್ಪಲ್ಲ. ಧಾರ್ಮಿಕ ಸಮಾರಂಭಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮ ಎಲ್ಲ ಅದರೊಳಗೆ ಬರುತ್ತವೆ. ಅದೇ ಹಾಡನ್ನು ವಿಡಿಯೋಗೆ ಸೇರಿಸಿ ಊರಿಗೆಲ್ಲ ಕಾಣುವ ಹಾಗೆ ಹಾಕುವುದು ಬೇರೆ.

ನಿಮ್ಮ ಕೆಲಸಕ್ಕೆ ಬೇಕಾದ ಇನ್ನೊಂದು ವಿಷಯ. ಗಿರಾಕಿ ದುಡ್ಡು ಕೊಟ್ಟು ತೆಗೆಸಿದ ಫೋಟೋ, ವಿಡಿಯೋ ಮೇಲೆ ಮೊದಲ ಹಕ್ಕು ಗಿರಾಕಿಯದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ನಿಮ್ಮ ಚಾನೆಲ್‌ಗೆ ಹಾಕುವ ಮೊದಲು ಮದುವೆ ಮನೆಯವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ನಿಟುವಳ್ಳಿ ವಿಡಿಯೋ

ಇದು ಗೊತ್ತೇ ಇರಲಿಲ್ಲ. ನಾಳೆಯಿಂದಲೇ ಬುಕಿಂಗ್ ಫಾರ್ಮ್‌ನಲ್ಲಿ ಒಂದು ಸಾಲು ಸೇರಿಸುತ್ತೇನೆ.

ಹರಿಹರ 07

ಥಿಯೇಟರ್‌ನಲ್ಲಿ ಹೀರೋ ಬರುವ ಸೀನ್ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕ್ತೀವಲ್ಲ, ಅದಕ್ಕೂ ಇದು ಬರುತ್ತಾ?

ಕೋರ್ಟ್ ರಸ್ತೆ

ಬರುತ್ತದೆ. ಹಾಕಬೇಡಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆಯಿತು. ಥಿಯೇಟರ್‌ನಲ್ಲಿ ಕದ್ದು ರೆಕಾರ್ಡ್ ಮಾಡುವುದು, ಅದನ್ನು ಹರಡುವುದು ಎರಡಕ್ಕೂ ಶಿಕ್ಷೆ ಇದೆ. 3 ತಿಂಗಳಿಂದ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರು, ಸಿನಿಮಾ ತಯಾರಿಸಲು ಆದ ಖರ್ಚಿನ ಶೇ. 5ರವರೆಗೂ ಹೋಗಬಹುದು.

ರಿಪೇರಿ ಟೇಬಲ್

ಅಣ್ಣ, ನೀವು ಸಾಫ್ಟ್‌ವೇರ್ ಬಗ್ಗೆ ಹೇಳಿದಿರಲ್ಲ, ಅದಕ್ಕೆ ಉತ್ತರ. ನಾನು ಮಂಡಿಪೇಟೆ ಕಡೆ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಹತ್ತು ವರ್ಷದ ಹಿಂದೆ ನಾನೂ ಗಿರಾಕಿ ಕೇಳಿದ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಕಳ್ಳ ಫೈಲು, ಹಾಕಿಕೊಡುತ್ತಿದ್ದೆ. ಬಿಟ್ಟಿದ್ದು ಒಂದು ಘಟನೆಯಿಂದ. ನಿಮ್ಮಂಥದ್ದೇ ಒಂದು ಅಂಗಡಿ. ಅವರ ಹುಡುಗ ಯಾವುದೋ ಸೈಟಿನಿಂದ ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್ ಇಳಿಸಿದ. ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲಿ ಬರೆದಿತ್ತು. ಮಾಡಿದ. ಬೆಳಗ್ಗೆ ಬಂದು ನೋಡಿದರೆ ಯಾವ ಫೈಲೂ ತೆರೆಯುತ್ತಿಲ್ಲ. ಎಲ್ಲ ಫೈಲಿನ ಹೆಸರಿನ ಕೊನೆಗೆ ಏನೋ ಅಕ್ಷರ ಸೇರಿಕೊಂಡಿದೆ. ದುಡ್ಡು ಕಳಿಸಿದರೆ ಬಿಡಿಸಿಕೊಡುತ್ತೇವೆ ಅನ್ನುವ ಚೀಟಿ ಬೇರೆ. ಅದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಜಾತಿಯ ರ‍್ಯಾನ್ಸಮ್‌ವೇರ್, ಹೆಚ್ಚಾಗಿ ಇಂಥ ಕ್ರ್ಯಾಕ್‌ಗಳ ಜೊತೆಗೇ ಬರುತ್ತದೆ. ಲಗ್ನದ ಸೀಸನ್ನು. 40 ಕಾರ್ಡಿನ ಡಿಸೈನ್ ಹೋಯಿತು. ಬ್ಯಾಕಪ್ ಇರಲಿಲ್ಲ. ಅವರು ಅಂಗಡಿಯೊಳಗೆ ಕೂತು ಅತ್ತಿದ್ದನ್ನು ನಾನು ಮರೆತಿಲ್ಲ.

ಆ್ಯಂಟಿವೈರಸ್ ಆಫ್ ಮಾಡಿ ಅಂತ ಯಾವುದು ಹೇಳುತ್ತದೋ ಅಲ್ಲಿಗೇ ನಿಲ್ಲಿಸಿ. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ 300ಕ್ಕೆ, ಅದೂ ಜೀವನಪೂರ್ತಿ ಅಂದರೆ ಅದು ಅಸಲಿ ಇರಲಾರದು. ಥಿಯೇಟರಿನಲ್ಲಿ ಇನ್ನೂ ಓಡುತ್ತಿರುವ ಸಿನಿಮಾ ಯಾವುದೋ ಸೈಟಿನಲ್ಲಿ ಪುಕ್ಕಟೆ ಸಿಕ್ಕರೆ, ವಾರಕ್ಕೊಮ್ಮೆ ಆ ಸೈಟಿನ ವಿಳಾಸದ ಬಾಲ ಬದಲಾಗುತ್ತಿದ್ದರೆ, ನೋಡಲು ಒಂದು ಎಪಿಕೆ (ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಫೈಲು) ಹಾಕಿಕೊಳ್ಳಿ ಅಂದರೆ, ಅದು ಕಳ್ಳಮಾಲು. ಆ ಎಪಿಕೆಯಿಂದ ಫೋನಿನ ಒಟಿಪಿ ಓದಿ ದುಡ್ಡು ಹೊಡೆಯುವವರೂ ಇದ್ದಾರೆ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕ್ರ್ಯಾಕ್ ಬಳಸುವುದಕ್ಕೂ ಕಾಯ್ದೆಯಲ್ಲಿ ಶಿಕ್ಷೆ ಇದೆ, ವಕೀಲರು ಹೇಳಿಯಾರು. ನನ್ನ ಸಲಹೆ ಬೇರೆ. ನಿಮಗೆ ಅದು ಬೇಕಾಗಿಯೇ ಇಲ್ಲ. ಅರ್ಜಿ, ಪ್ರಾಜೆಕ್ಟ್ ಟೈಪಿಂಗ್‌ಗೆ ಲಿಬ್ರೆ ಆಫೀಸ್. ಕಾರ್ಡು, ಫ್ಲೆಕ್ಸ್‌ಗೆ ಇಂಕ್‌ಸ್ಕೇಪ್. ಫೋಟೋ ತಿದ್ದಲು ಗಿಂಪ್. ಮೂರೂ ಪುಕ್ಕಟೆ, ಮೂರೂ ಕಾನೂನುಬದ್ಧ, ಅಂಗಡಿ ಕೆಲಸಕ್ಕೂ ಬಳಸಬಹುದು. ಇಂಕ್‌ಸ್ಕೇಪ್ ಕೈಗೆ ಕೂರಲು ಒಂದು ತಿಂಗಳು ಬೇಕು, ಸುಳ್ಳು ಹೇಳುವುದಿಲ್ಲ.

ಕೋರ್ಟ್ ರಸ್ತೆ

ಹೌದು, ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್. ಕದ್ದ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷ ಜೈಲು, ಜೊತೆಗೆ ದಂಡ.

ಕೋಟೆ ಕ್ಯಾಮೆರಾ

ಫ್ಲೆಕ್ಸ್ ಮಾತು ಬಂತಲ್ಲ, ಇಲ್ಲಿ ಹೇಳಲೇಬೇಕು. ನಾನು ಚಿತ್ರದುರ್ಗದವನು, ಕೋಟೆಯ ಫೋಟೋ ತೆಗೆಯುತ್ತೇನೆ. ಮಳೆಗಾಲದ ಒಂದು ಬೆಳಗ್ಗೆ, ಬಂಡೆಗಳ ನಡುವೆ ಮಂಜು ಇಳಿದಿದ್ದಾಗ ತೆಗೆದ ಒಂದು ಫೋಟೋ ಇದೆ. ಅದಕ್ಕಾಗಿ ನಾಲ್ಕು ದಿನ ಬೆಳಗಿನ ಜಾವ ಹೋಗಿ ಕಾದಿದ್ದೆ. ಅದೇ ಫೋಟೋ ಒಂದು ಹೋಟೆಲಿನ ಉದ್ಘಾಟನೆಯ ಫ್ಲೆಕ್ಸ್‌ನಲ್ಲಿ ಕಂಡಿತು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ಕೆಳಗೆ "ಕೃಪೆ: ಗೂಗಲ್" ಅಂತ ಇತ್ತು.

ಕೋಟೆ ಎಲ್ಲರದ್ದು, ಫೋಟೋ ತೆಗೆದವರದ್ದು. ಗೂಗಲ್ ಹುಡುಕಿ ತೋರಿಸುತ್ತದೆ ಅಷ್ಟೇ, ಬಳಸಿ ಅಂತ ಅನುಮತಿ ಕೊಡುವುದಿಲ್ಲ. ಡಿಸೈನ್ ಮಾಡುವವರು ವಿಕಿಮೀಡಿಯಾ ಕಾಮನ್ಸ್ ಅನ್ನುವ ಮುಕ್ತ ಫೋಟೋಗಳ ಜಾಲತಾಣ ನೋಡಿ. ಕೋಟೆಯ ಫೋಟೋಗಳು ಅಲ್ಲೂ ಇವೆ. ಪ್ರತಿ ಫೋಟೋ ಕೆಳಗೆ ಬಳಕೆಯ ಷರತ್ತು ಬರೆದಿರುತ್ತದೆ, ಹೆಚ್ಚಾಗಿ ಕ್ರಿಯೇಟಿವ್ ಕಾಮನ್ಸ್ ಅನ್ನುವ ಪರವಾನಗಿ. ಬಿವೈ ಅಂತ ಇದ್ದರೆ ತೆಗೆದವರ ಹೆಸರು ಹಾಕಲೇಬೇಕು. ಬೇರೆ ಸೈಟುಗಳಲ್ಲಿ ಎನ್‌ಸಿ ಅಂತ ಕಂಡರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ಅಂದರೆ ಹೋಟೆಲ್ ಫ್ಲೆಕ್ಸ್‌ಗೆ ಅದು ಆಗದು. ಇಲ್ಲವಾದರೆ ನಮ್ಮನ್ನೇ ಒಂದು ಮಾತು ಕೇಳಿ. ಶಾಲೆಯ ಕಾರ್ಯಕ್ರಮಕ್ಕೆ ಕೇಳಿದವರಿಗೆ ನಾನು ಇವತ್ತಿನವರೆಗೆ ಇಲ್ಲ ಅಂದಿಲ್ಲ.

ಲೈಬ್ರರಿ ಅಕ್ಕ

ಜಗಳೂರಿನ ತಂಗಿ ಹೇಳಿದ್ದನ್ನು ಯಾರೂ ಮರೆಯಬಾರದು. ಅವಳ ಕಷ್ಟ ನಿಜ. "ಕಳ್ಳತನ ಮಾಡಬೇಡ" ಅಂತ ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ, ಅವಳಿಗೆ ಪುಸ್ತಕ ಸಿಗಬೇಕು.

ಪರೀಕ್ಷೆಗೆ ಬೇಕಾದ ಬುನಾದಿ ಪುಸ್ತಕಗಳು ಅಧಿಕೃತವಾಗಿಯೇ ಪುಕ್ಕಟೆ ಸಿಗುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ಎನ್‌ಸಿಇಆರ್‌ಟಿ ಜಾಲತಾಣದಲ್ಲಿ 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ, ವಿಜ್ಞಾನ ಪುಸ್ತಕಗಳನ್ನು ಇಳಿಸಿಕೊಳ್ಳಬಹುದು. ನಿಮ್ಮ ಓದಿಗೆ ಪ್ರಿಂಟ್ ಹಾಕಿಸಿಕೊಳ್ಳಿ, ಮಾರಬೇಡಿ ಅಷ್ಟೇ. ಭಾರತವಾಣಿ ಜಾಲತಾಣದಲ್ಲಿ ಕನ್ನಡ ನಿಘಂಟುಗಳಿವೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ಗೆಜೆಟ್ ಅಧಿಸೂಚನೆ ಪ್ರಿಂಟ್ ಹಾಕಲು ಯಾರನ್ನೂ ಕೇಳಬೇಕಿಲ್ಲ. ಗೈಡ್ ಪುಸ್ತಕಕ್ಕೆ ನಗರ ಕೇಂದ್ರ ಗ್ರಂಥಾಲಯಕ್ಕೆ ಬಾ. ಇಲ್ಲದ ಪುಸ್ತಕದ ಹೆಸರು ಬರೆದುಕೊಡು, ತರಿಸಲು ಕೇಳೋಣ.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕವನ್ನು ಓದಲು ಬರುವ ರೂಪಕ್ಕೆ ತರುವುದಕ್ಕೆ 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ. ಅಂಥವರು ಬಂದರೆ ಅಂಗಡಿಯವರು ಅನುಮಾನ ಪಡದೆ ಸ್ಕ್ಯಾನ್ ಮಾಡಿಕೊಡಿ.

ಜಗಳೂರು ಹುಡುಗಿ

ಥ್ಯಾಂಕ್ಸ್ ಅಕ್ಕ. ನೋಟ್ಸ್ ಮೇಡಂ, ನಿಮ್ಮ ಮಾತು ಓದಿ ನನ್ನ ಹತ್ತಿರ ಇದ್ದ ಸಾಮಾನ್ಯ ಕನ್ನಡದ ಪ್ರಿಂಟ್ ತೆಗೆದು ನೋಡಿದೆ. ಅದು ನಿಮ್ಮದೋ ಅಲ್ಲವೋ ಗೊತ್ತಿಲ್ಲ, ಹೆಸರಿನ ಪುಟವೇ ಅದರಲ್ಲಿಲ್ಲ. ನಮ್ಮ ರೂಮಿನ ಮೂವರು ಮಾತಾಡಿಕೊಂಡೆವು. ತಲಾ ಎರಡು ಪುಸ್ತಕ ಕೊಂಡು ಬದಲಾಯಿಸಿಕೊಂಡು ಓದುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ ಅಲ್ವಾ?

ಕೋರ್ಟ್ ರಸ್ತೆ

ಏನೂ ಇಲ್ಲಮ್ಮ. ಕೊಂಡ ಪುಸ್ತಕ ಯಾರಿಗೆ ಬೇಕಾದರೂ ಓದಲು ಕೊಡಿ. ಸೆಕೆಂಡ್ ಹ್ಯಾಂಡ್ ಕೊಳ್ಳಿ, ಓದಿ ಮುಗಿಸಿದ ಮೇಲೆ ಮಾರಿ.

ನೋಟ್ಸ್ ಮೇಡಂ

ಅಟ್ಟದ ಮೇಲಿರುವುದರಲ್ಲಿ ಒಂದು ನಿಮ್ಮ ರೂಮಿಗೆ ಅರ್ಧ ಬೆಲೆಗೆ ಕೊಡುತ್ತೇನೆ ತಂಗಿ. ತಿದ್ದುಪಡಿ ಚೀಟಿ ಸಮೇತ. ಜೆರಾಕ್ಸ್ ಅಣ್ಣ, ನಿಮ್ಮ ಅಂಗಡಿಯಲ್ಲಿ ಹತ್ತು ಪ್ರತಿ ಇಟ್ಟುಕೊಳ್ಳುತ್ತೀರಾ? ಮಾರಿದ್ದಕ್ಕೆ ಕಮಿಷನ್ ಕೊಡುತ್ತೇನೆ.

ವಿದ್ಯಾನಗರ ಜೆರಾಕ್ಸ್

ಖಂಡಿತ ಮೇಡಂ. ಸೋಮವಾರ ತಂದುಕೊಡಿ. ಇತಿಹಾಸದ ಮೇಡಂ ಅವರನ್ನೂ ಕೇಳುತ್ತೇನೆ. ಇಲ್ಲ ಅಂತ ಕಳಿಸುವ ಬದಲು "ಪ್ರಿಂಟ್ ಆಗಲ್ಲ, ಪುಸ್ತಕವೇ ಇಲ್ಲಿದೆ" ಅಂತ ಮಕ್ಕಳಿಗೆ ತೋರಿಸಬಹುದು. ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ.

ಮಿಷನ್ ಪಕ್ಕ ಒಂದು ಬೋರ್ಡ್ ಹಾಕುತ್ತೇನೆ. ಬರೆದಿರುವುದು ಇಷ್ಟು, ತಪ್ಪಿದ್ದರೆ ತಿದ್ದಿ: "ನಿಮ್ಮ ಓದಿಗೆ ಬೇಕಾದ ಪಾಠ, ನೋಟ್ಸ್, ಸರ್ಕಾರಿ ಪಠ್ಯಪುಸ್ತಕ ಪ್ರಿಂಟ್ ಹಾಕಿಕೊಡುತ್ತೇವೆ. ಮಾರಾಟದಲ್ಲಿರುವ ಪುಸ್ತಕವನ್ನು ಪೂರ್ತಿ ಪ್ರಿಂಟ್ ಹಾಕುವುದಿಲ್ಲ. ಬರೆದವರ ಒಪ್ಪಿಗೆ ಇದ್ದರೆ ತೋರಿಸಿ."

ರಿಪೇರಿ ತಮ್ಮ, ಭಾನುವಾರ ಅಂಗಡಿ ರಜಾ. ಬಂದು ಹಳೇದೆಲ್ಲ ತೆಗೆದು ನೀನು ಹೇಳಿದ್ದು ಹಾಕಿಕೊಡು, ಬ್ಯಾಕಪ್‌ಗೂ ಒಂದು ದಾರಿ ಮಾಡು. ಬೋರ್ಡಿಗೆ ಯಾವ ಅಕ್ಷರ ಬಳಸಲಿ? ಈಗಿರುವ ಫಾಂಟ್‌ಗಳು ಎಲ್ಲಿಂದ ಬಂದವು ಅಂತ ನನಗೇ ಗೊತ್ತಿಲ್ಲ.

ರಿಪೇರಿ ಟೇಬಲ್

ಹತ್ತು ಗಂಟೆಗೆ ಬರುತ್ತೇನೆ ಅಣ್ಣ. ಗೂಗಲ್ ಫಾಂಟ್ಸ್‌ನಲ್ಲಿರುವ ಕನ್ನಡ ಅಕ್ಷರಗಳಿಗೆ ಮುಕ್ತ ಪರವಾನಗಿ ಇದೆ, ಬೋರ್ಡು, ಕಾರ್ಡು ಎಲ್ಲಕ್ಕೂ ಬಳಸಬಹುದು. ನೋಟೊ ಸಾನ್ಸ್ ಕನ್ನಡ ಇದೆ, ಬಾಲೂ ತಮ್ಮ ಇದೆ. "ಬೆಣ್ಣೆ" ಅಂತಲೇ ಹೆಸರಿರುವ ಕನ್ನಡ ಅಕ್ಷರವೂ ಇದೆ.

ವಿದ್ಯಾನಗರ ಜೆರಾಕ್ಸ್

ದಾವಣಗೆರೆ ಅಂಗಡಿ. ಬೆಣ್ಣೆಯೇ ಇರಲಿ.